ಓದುಗರ ಪ್ರಶ್ನೆ: ಮೈ ಮೇಲಿನ ನಾಚಿಕೆಗೆ ಬೇರೆಯವರ ಆತ್ಮಕಥೆ ಏನು ಮಾಡೀತು?

ಎರಡು ಸಂಚಿಕೆಯ ಹಿಂದೆ ಇದೇ ಅಂಕಣದಲ್ಲಿ ಅಮೆರಿಕದ ಲೇಖಕಿ ರಾಕ್ಸೇನ್ ಗೇ ಬರೆದ ‘ಹಂಗರ್’ ಎಂಬ ಆತ್ಮಕಥೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಚಿಕ್ಕವಳಿದ್ದಾಗ ಲೈಂಗಿಕ ದೌರ್ಜನ್ಯ ಅನುಭವಿಸಿದ ಹುಡುಗಿ ಆಮೇಲೆ ತನ್ನ ಮೈಯನ್ನೇ ಹೇಗೆ ನೋಡತೊಡಗಿದಳು ಅನ್ನುವುದು ಆ ಪುಸ್ತಕದ ವಿಷಯ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಹಿಡಿದು ಬಂದವು. ಹಾಗಾಗಿ ಈ ಸಲ ಬೇರೆ ಪ್ರಶ್ನೆ ತೆಗೆದುಕೊಂಡಿಲ್ಲ. ಬರೆದವರ ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ತೆಗೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಂದೆ ದೌರ್ಜನ್ಯದ ಪ್ರಸ್ತಾಪ ಬರುತ್ತದೆ. ಇವತ್ತು ಓದುವುದು ಕಷ್ಟ ಅನಿಸಿದರೆ ಬೇಡ, ಮನಸ್ಸು ಗಟ್ಟಿ ಇದ್ದ ದಿನ ಓದಿ.

ಪ್ರಶ್ನೆ: ಅಕ್ಕಾ, ನನಗೀಗ 34 ವರ್ಷ. ಹನ್ನೊಂದು ವರ್ಷದವಳಿದ್ದಾಗ ಮನೆಗೆ ಬಂದು ಹೋಗುತ್ತಿದ್ದ ದೂರದ ಸಂಬಂಧಿಯೊಬ್ಬ ನನ್ನ ಜೊತೆ ಕೆಟ್ಟದಾಗಿ ನಡೆದುಕೊಂಡ. ತುಂಬಾ ದಿನ ಅದು ನಡೆಯಿತು. ಯಾರಿಗೂ ಹೇಳಿಲ್ಲ. ಆಮೇಲಿಂದ ದಪ್ಪ ಆಗುತ್ತಲೇ ಹೋದೆ. ಮದುವೆ ಮುಂಜಿಗೆ ಹೋದರೆ ‘ಏನೇ ಇದು, ಗುರುತೇ ಸಿಗಲ್ವಲ್ಲೇ’ ಅಂತ ಎಲ್ಲರ ಎದುರು ಕೇಳುತ್ತಾರೆ. ಹೋಗುವುದನ್ನೇ ಬಿಟ್ಟಿದ್ದೇನೆ. ಡಯೆಟ್ ಮಾಡಿದರೆ ತೂಕ ಇಳಿಯುತ್ತೆ. ಇಳಿದ ಕೂಡಲೇ ಯಾಕೋ ಭಯ ಆಗುತ್ತೆ, ಮತ್ತೆ ತಿನ್ನೋಕೆ ಶುರು ಮಾಡುತ್ತೇನೆ. ನೀವು ಬರೆದದ್ದು ನೋಡಿ ‘ಹಂಗರ್’ ತರಿಸಿದೆ. ಸ್ವಲ್ಪ ಓದಿ, ಆಗದೆ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಯಾರದೋ ಕಷ್ಟ ಓದಿದರೆ ನನ್ನ ಕಷ್ಟ ಹೇಗೆ ಕಮ್ಮಿ ಆಗುತ್ತೆ? ಸುಮ್ನೆ ಹಳೇ ಗಾಯ ಕೆದಕಿದ ಹಾಗಲ್ವಾ?

ಉತ್ತರ: ಮೊದಲು ಆ ಭಯದ ಬಗ್ಗೆ ಮಾತಾಡೋಣ, ಪುಸ್ತಕ ಆಮೇಲೆ. ತೂಕ ಇಳಿದ ಕೂಡಲೇ ಭಯ ಆಗುತ್ತೆ ಅಂದಿರಲ್ಲ, ಅದು ನಿಮ್ಮೊಬ್ಬರಿಗೇ ಆಗುವಂಥದ್ದಲ್ಲ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ವೈದ್ಯರು ತೂಕ ಇಳಿಸುವ ಚಿಕಿತ್ಸೆಯ ವಿಭಾಗ ನಡೆಸುತ್ತಿದ್ದರು. ಅಲ್ಲಿ ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಫೆಲಿಟ್ಟಿಯವರಿಗೆ ಅರ್ಥವೇ ಆಗಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಾ ಹೋದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರು ಅಂತ ಗೊತ್ತಾಯಿತು. ಒಬ್ಬ ಮಹಿಳೆ ತುಂಬಾ ತೂಕ ಇಳಿಸಿಕೊಂಡಿದ್ದರು. ಕೆಲಸದ ಜಾಗದಲ್ಲಿ ಗಂಡಸೊಬ್ಬ ಅವರನ್ನು ಬೇರೆ ಅರ್ಥದಲ್ಲಿ ಕರೆದ. ಕೆಲವೇ ವಾರಗಳಲ್ಲಿ ತೂಕ ಮತ್ತೆ ಏರಿತು. ದಪ್ಪಗಿದ್ದರೆ ಯಾರೂ ನಮ್ಮನ್ನು ನೋಡಲ್ಲ, ನನಗೆ ಬೇಕಾದ್ದೂ ಅದೇ, ಅನ್ನುವ ಅರ್ಥದ ಮಾತನ್ನು ಇನ್ನೊಬ್ಬ ರೋಗಿ ಹೇಳಿದರು. ವೈದ್ಯರು ಯಾವುದನ್ನು ರೋಗ ಅಂದುಕೊಂಡಿದ್ದರೋ ಅದು ಆ ಹೆಂಗಸರಿಗೆ ರಕ್ಷಣೆಯಾಗಿತ್ತು. ಇದೇ ಎಳೆ ಹಿಡಿದು ಮುಂದೆ 17 ಸಾವಿರಕ್ಕೂ ಜಾಸ್ತಿ ಜನರನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆಯಿತು. ಬಾಲ್ಯದ ಕಹಿ ಅನುಭವಗಳು ದೊಡ್ಡವರಾದ ಮೇಲೆ ದೇಹದ ಆರೋಗ್ಯವನ್ನು ಹೇಗೆ ಕಾಡುತ್ತವೆ ಅನ್ನುವುದರ ಬಗ್ಗೆ ಅದರ ಮೊದಲ ವರದಿ 1998ರಲ್ಲಿ ಬಂತು. ದಪ್ಪಗಿರುವವರೆಲ್ಲರ ಹಿಂದೆ ಇಂಥ ಕಥೆ ಇರುತ್ತದೆ ಅಂತ ಅಲ್ಲ. ಥೈರಾಯ್ಡ್ ಇರಬಹುದು, ಪಿಸಿಒಡಿ ಇರಬಹುದು, ಮನೆತನದಲ್ಲೇ ಬಂದ ಮೈಕಟ್ಟಿರಬಹುದು. ಆದರೆ ನಿಮ್ಮ ಪತ್ರದಲ್ಲಿರುವ ಆ ಭಯಕ್ಕೆ ಒಂದು ಅರ್ಥ ಇದೆ. ನಿಮಗೆ ಹುಚ್ಚು ಹಿಡಿದಿಲ್ಲ, ನೀವು ಸೋಮಾರಿಯೂ ಅಲ್ಲ.

ಇದನ್ನೇ ರಾಕ್ಸೇನ್ ಗೇ ಒಳಗಿನಿಂದ ಬರೆದಿದ್ದಾರೆ. ಹೈಟಿಯಿಂದ ಅಮೆರಿಕಕ್ಕೆ ಬಂದ ಅಪ್ಪ ಅಮ್ಮ, ಪ್ರೀತಿಯ ಮನೆ, ಚರ್ಚಿಗೆ ಹೋಗುವ ಒಳ್ಳೆಯ ಹುಡುಗಿ. ಹನ್ನೆರಡನೇ ವಯಸ್ಸಿನಲ್ಲಿ, ತಾನು ಇಷ್ಟಪಟ್ಟಿದ್ದ ಹುಡುಗ ಮತ್ತು ಅವನ ಗೆಳೆಯರು ಅವಳ ಮೇಲೆ ಗುಂಪಾಗಿ ಅತ್ಯಾಚಾರ ಮಾಡಿದರು. ಮನೆಯಲ್ಲಿ ಹೇಳಲಿಲ್ಲ. ವರ್ಷಗಟ್ಟಲೆ ಅಪ್ಪ ಅಮ್ಮನಿಗೆ ಗೊತ್ತೇ ಇರಲಿಲ್ಲ. ಮಗಳು ಯಾಕೆ ಹೀಗೆ ತಿನ್ನುತ್ತಿದ್ದಾಳೆ ಅಂತ ಅವರು ಒದ್ದಾಡುತ್ತಿದ್ದರು, ಡಯೆಟ್ ಮಾಡಿಸುತ್ತಿದ್ದರು. ಇವಳು ಮಾತ್ರ ದೊಡ್ಡ ಮೈ ಇದ್ದರೆ ಇನ್ಯಾರೂ ಹತ್ತಿರ ಬರಲ್ಲ ಅಂತ ಗೊತ್ತಿದ್ದೇ ತಿನ್ನುತ್ತಿದ್ದಳು. ಮೈಯನ್ನು ಕೋಟೆಯಾಗಿ ಕಟ್ಟಿಕೊಂಡೆ ಅನ್ನುತ್ತಾರೆ ಗೇ. ಆಮೇಲೆ ಆ ಕೋಟೆಯೊಳಗೇ ಸಿಕ್ಕಿಹಾಕಿಕೊಂಡದ್ದನ್ನೂ ಅಷ್ಟೇ ನೇರವಾಗಿ ಹೇಳುತ್ತಾರೆ. ಪುಸ್ತಕ ಬಂದದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಅವರು ಹೆಸರಾಂತ ಲೇಖಕಿ, ಕಾಲೇಜಿನಲ್ಲಿ ಪಾಠ ಹೇಳುವವರು.

ಅದರಲ್ಲಿ ಒಂದು ಪ್ರಸಂಗ ಇದೆ. ನ್ಯೂಯಾರ್ಕಿನಲ್ಲಿ ಒಂದು ಸಾಹಿತ್ಯ ಕಾರ್ಯಕ್ರಮ. ವೇದಿಕೆಗೆ ಮೆಟ್ಟಿಲಿಲ್ಲ. ಬೇರೆ ಲೇಖಕರು ಸಲೀಸಾಗಿ ಹತ್ತಿದರು. ಇವರಿಗೆ ಆಗಲಿಲ್ಲ. ಜನ ನೋಡುತ್ತಿದ್ದಾರೆ. ಕೊನೆಗೆ ಮೇಲಿದ್ದವರೊಬ್ಬರು ಕೈ ಹಿಡಿದು ಎಳೆದುಕೊಂಡರು. ಕೂತರೆ ಆ ಚಿಕ್ಕ ಮರದ ಕುರ್ಚಿ ಲಟಕ್ ಅಂದಿತು. ಮುರಿದರೆ ಏನು ಗತಿ ಅಂತ, ಕಾರ್ಯಕ್ರಮ ಮುಗಿಯುವವರೆಗೂ ಕುರ್ಚಿಯ ಮೇಲೆ ಭಾರ ಬಿಡದೆ, ತೊಡೆಯ ಬಲದಲ್ಲೇ ಕೂತ ಹಾಗೆ ಮಾಡಿಕೊಂಡು, ನಗುತ್ತಾ ಪ್ರಶ್ನೆಗೆ ಉತ್ತರ ಕೊಟ್ಟರು. ಇದನ್ನು ಓದಿದಾಗ ನನಗೆ ಮದುವೆ ಛತ್ರದ ಪ್ಲಾಸ್ಟಿಕ್ ಕುರ್ಚಿ ನೆನಪಾಯಿತು. ಕೈ ಇರುವ ಕುರ್ಚಿ ಬೇಡ, ಗೋಡೆ ಪಕ್ಕದ ಬೆಂಚು ಸಾಕು ಅಂತ ಹುಡುಕುವ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ. ಮದುವೆಗೇ ಹೋಗಲ್ಲ ಅನ್ನುವ ನಿಮ್ಮಂಥವರು ಎಷ್ಟಿಲ್ಲ.

ಈಗ ನಿಮ್ಮ ಪ್ರಶ್ನೆ, ಇದರಿಂದ ಕಷ್ಟ ಹೇಗೆ ಕಮ್ಮಿ ಆಗುತ್ತೆ? ಕಷ್ಟ ಕಮ್ಮಿ ಆಗಲಿಕ್ಕಿಲ್ಲ. ನಾಚಿಕೆ ಕಮ್ಮಿ ಆಗುತ್ತೆ. ಇವೆರಡರ ನಡುವೆ ತುಂಬಾ ವ್ಯತ್ಯಾಸ ಇದೆ. ಆಗಿಹೋದದ್ದು ಒಂದು ನೋವು. ಅದಾದ ಮೇಲೆ ‘ನನ್ನ ಮೈಯೇ ಸರಿಯಿಲ್ಲ, ತಪ್ಪು ನನ್ನಲ್ಲೇ ಇದೆ’ ಅಂತ ಇಷ್ಟು ವರ್ಷ ಹೊತ್ತುಕೊಂಡು ಬಂದದ್ದು ಇನ್ನೊಂದು ನೋವು. ಎರಡನೆಯದನ್ನು ಯಾರಿಗೂ ತೋರಿಸಲು ಆಗಲ್ಲ. ಯಾರಿಗೂ ತೋರಿಸದೆ ಇದ್ದರೆ, ಇದು ಜಗತ್ತಿನಲ್ಲಿ ನನಗೊಬ್ಬಳಿಗೇ ಇರುವುದು ಅನಿಸಿಬಿಡುತ್ತದೆ. ಇನ್ನೊಬ್ಬ ಹೆಂಗಸು, ಅದೂ ಬುದ್ಧಿವಂತೆ, ಹತ್ತು ಜನ ಗೌರವಿಸುವವಳು, ಅದನ್ನೇ ತನ್ನ ಹೆಸರು ಹಾಕಿ ಬರೆದಾಗ ಆ ಒಂಟಿತನ ಸ್ವಲ್ಪ ಸಡಿಲ ಆಗುತ್ತದೆ. ಸಾಂತ್ವನ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ‘ನನಗೂ ಹೀಗೇ ಆಗಿತ್ತು, ನಾನೂ ಹೀಗೇ ತಿಂದೆ’ ಅನ್ನುವವರು ಸಿಗಲ್ಲ. ಆತ್ಮಕಥೆ ಕೊಡುವುದು ಅದನ್ನು.

ಇನ್ನೊಂದು ಕಾರಣಕ್ಕೆ ನನಗೆ ಈ ಪುಸ್ತಕದ ಮೇಲೆ ಗೌರವ. ಇದರಲ್ಲಿ ಕೊನೆಗೆ ಎಲ್ಲ ಸರಿಹೋಗುವುದಿಲ್ಲ. ತೂಕ ಇಳಿಸಿ ಗೆದ್ದ ಕಥೆ ಇದಲ್ಲ ಅಂತ ಅವರು ಮೊದಲಲ್ಲೇ ಹೇಳಿಬಿಡುತ್ತಾರೆ. ಅವತ್ತಿನ ಆ ಹುಡುಗ ಬೆಳೆದು ಒಳ್ಳೆ ಹುದ್ದೆಯಲ್ಲಿದ್ದಾನೆ ಅಂತ ಹುಡುಕಿ ತಿಳಿದುಕೊಳ್ಳುತ್ತಾರೆ, ಅವನ ಆಫೀಸಿಗೆ ಫೋನ್ ಕೂಡ ಮಾಡುತ್ತಾರೆ, ಅವನ ದನಿ ಕೇಳಿ ಏನೂ ಹೇಳದೆ ಸುಮ್ಮನಿರುತ್ತಾರೆ. ಸಿನಿಮಾದಲ್ಲಾದರೆ ಅಲ್ಲೊಂದು ದೊಡ್ಡ ಡೈಲಾಗ್ ಇರುತ್ತಿತ್ತು. ಇಲ್ಲಿಲ್ಲ. ನೀವು ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದಕ್ಕೆ ನಿಮ್ಮನ್ನೇ ಬೈದುಕೊಂಡಿರಬಹುದು ಅಂತ ನನ್ನ ಊಹೆ. ಆ ಪುಟ ಓದಿ ನೋಡಿ.

ಓದುವುದು ಹೇಗೆ ಅಂತಲೂ ಹೇಳುತ್ತೇನೆ, ಯಾಕೆಂದರೆ ‘ಗಾಯ ಕೆದಕಿದ ಹಾಗಲ್ವಾ’ ಅನ್ನುವ ನಿಮ್ಮ ಅಂಜಿಕೆ ಸುಳ್ಳಲ್ಲ. ರಾತ್ರಿ ಮಲಗುವ ಮುಂಚೆ ಓದಬೇಡಿ. ಹಗಲು ಹೊತ್ತು, ಮನೆಯಲ್ಲಿ ಆಚೀಚೆ ಜನ ಓಡಾಡುತ್ತಿರುವಾಗ ಓದಿ. ‘ಹಂಗರ್’ನಲ್ಲಿ ಅಧ್ಯಾಯಗಳು ತುಂಬಾ ಚಿಕ್ಕವು, ಕೆಲವು ಒಂದೆರಡು ಪುಟ. ಒಂದು ದಿನಕ್ಕೆ ಒಂದು ಸಾಕು. ಘಟನೆಯ ವಿವರ ಇರುವ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗಿ, ಅದನ್ನು ಓದಲೇಬೇಕು ಅಂತ ಯಾವ ನಿಯಮವೂ ಇಲ್ಲ. ಎದೆ ಬಡಿತ ಜಾಸ್ತಿ ಆಯಿತು, ಕೈ ತಣ್ಣಗಾಯಿತು, ತಾನೆಲ್ಲಿದ್ದೇನೆ ಅನ್ನುವುದೇ ಮಸುಕಾಯಿತು ಅಂದರೆ ಪುಸ್ತಕ ಮುಚ್ಚಿ. ಎರಡೂ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ. ಫ್ಯಾನು, ಕ್ಯಾಲೆಂಡರ್, ನೀರಿನ ಬಾಟಲಿ, ಹೀಗೆ. ಆಮೇಲೆ ಕೇಳಿಸುವ ನಾಲ್ಕು ಶಬ್ದ. ಇದು ಮನಸ್ಸನ್ನು ಅವತ್ತಿನಿಂದ ಇವತ್ತಿಗೆ ಕರೆತರುವ ಸರಳ ಉಪಾಯ, ಆಪ್ತಸಮಾಲೋಚಕರು ಹೇಳಿಕೊಡುವುದೂ ಇದನ್ನೇ. ಒಂದು ಗಮನಿಸಿ. ಹನ್ನೊಂದನೇ ವಯಸ್ಸಿನಲ್ಲಿ ‘ಸಾಕು, ನಿಲ್ಲಿಸು’ ಅನ್ನುವ ಅಧಿಕಾರ ನಿಮಗಿರಲಿಲ್ಲ. ಪುಸ್ತಕದ ಮುಂದೆ ಆ ಅಧಿಕಾರ ಪೂರ್ತಿ ನಿಮ್ಮದು. ಮುಚ್ಚಿದರೆ ಅದು ಬಾಯಿ ಮುಚ್ಚಿಕೊಂಡು ಕಾಯುತ್ತದೆ. ವರ್ಷ ಬಿಟ್ಟು ತೆರೆದರೂ ಯಾಕೆ ತಡ ಅಂತ ಕೇಳಲ್ಲ.

ಆದರೆ ಪುಸ್ತಕವನ್ನೇ ನಂಬಿ ಕೂರಬೇಡಿ ತಾಯಿ. ಓದಿ ಎದ್ದದ್ದನ್ನು ಹೇಳಿಕೊಳ್ಳಲು ಒಬ್ಬ ಮನುಷ್ಯ ಬೇಕು. ಮನೆಯವರಿಗೆ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಫೋನ್ ಮಾಡಿದಾಗಲೇ ಎಲ್ಲ ಹೇಳಬೇಕಾಗಿಲ್ಲ. ‘ಚಿಕ್ಕವಳಿದ್ದಾಗ ಒಂದು ಘಟನೆ ಆಗಿತ್ತು, ಅದರ ಬಗ್ಗೆ ಮಾತಾಡಬೇಕು’ ಅಂದರೆ ಸಾಕು.

ಪ್ರಶ್ನೆ: ಮೇಡಂ, ನನ್ನ ಹೆಂಡತಿ ಇಂಥದ್ದೇ ಪುಸ್ತಕ ಓದುತ್ತಿದ್ದಾಳೆ. ಅವಳ ಬಾಲ್ಯದ ವಿಷಯ ಮದುವೆಗೆ ಮುಂಚೆಯೇ ನನಗೆ ಹೇಳಿದ್ದಳು. ಈಗ ಓದುತ್ತಾ ಅಳುತ್ತಾಳೆ. ಎರಡು ದಿನ ಮಾತಾಡಲ್ಲ. ಪುಸ್ತಕ ಎತ್ತಿಡಲಾ?

ಉತ್ತರ: ಬೇಡ. ಅವರಿಗೆ ಏನು ಓದಬೇಕು ಅಂತ ನೀವು ತೀರ್ಮಾನ ಮಾಡಬಾರದು. ಅಳು ಬಂದದ್ದೆಲ್ಲ ಕೆಟ್ಟದ್ದಲ್ಲ. ಎಷ್ಟೋ ವರ್ಷ ಕಲ್ಲಾಗಿದ್ದವರಿಗೆ ಮೊದಲ ಸಲ ಅಳು ಬರುವುದೇ ಇಂಥ ಒಂದು ಪುಟದ ಮುಂದೆ. ‘ಓದಿದ್ದರ ಬಗ್ಗೆ ಹೇಳಬೇಕು ಅನಿಸಿದರೆ ಹೇಳು, ಬೇಡದಿದ್ದರೆ ಸುಮ್ಮನೆ ಕೂರೋಣ’ ಅಂತ ಒಂದು ಸಲ ಹೇಳಿ, ಆಮೇಲೆ ನಿಜವಾಗಿಯೂ ಸುಮ್ಮನೆ ಕೂರಿ. ಆ ವಾರ ಅವರ ತೂಕ, ಊಟ, ಬಟ್ಟೆ ಬಗ್ಗೆ ಒಂದು ಮಾತೂ ಬೇಡ, ತಮಾಷೆಗೂ ಬೇಡ. ಹೊಗಳಿಕೆಯೂ ಬೇಡ. ಮೈ ಮುಟ್ಟುವ ಮುಂಚೆ ಕೇಳಿ. ನಿದ್ದೆ ಪೂರ್ತಿ ಕೆಟ್ಟರೆ, ಮನೆ ಕೆಲಸ, ಆಫೀಸು ಎಲ್ಲ ನಿಂತುಹೋದರೆ, ಸಾಯುವ ಮಾತು ಬಂದರೆ ಆಗ ಕಾಯಬೇಡಿ. ಜೊತೆಗೆ ಹೋಗಿ ಮನೋವೈದ್ಯರನ್ನು ಕಾಣಿ. ಕೇಳಿ ಬರೆದಿರಲ್ಲ, ಅದು ನನಗೆ ಇಷ್ಟ ಆಯಿತು.

ಪ್ರಶ್ನೆ: ಇದೆಲ್ಲ ಹೆಂಗಸರ ವಿಷಯ ಅಂತ ನನ್ನ ಫ್ರೆಂಡ್ ಹೇಳ್ತಾನೆ. ನಾನು ಹುಡುಗ, 26. ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬನಿಂದ ಆದದ್ದು. ಈಗ ದಿನಕ್ಕೆ ಎರಡು ಹೊತ್ತು ಜಿಮ್‌ಗೆ ಹೋಗ್ತೀನಿ. ಒಂದು ದಿನ ತಪ್ಪಿದರೆ ಕೈಕಾಲು ನಡುಗುತ್ತೆ. ಎಷ್ಟು ಮೈ ಬೆಳೆಸಿದರೂ ಸಾಲ್ತಾ ಇಲ್ಲ.

ಉತ್ತರ: ನಿಮ್ಮ ಸ್ನೇಹಿತರ ಮಾತು ತಪ್ಪು. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಒಂದು ವರದಿ ಕೊಟ್ಟಿತು. ಅರ್ಧಕ್ಕಿಂತ ಜಾಸ್ತಿ, ಅಂದರೆ ಶೇ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಹೇಳಿಕೊಂಡರು. ಅವರಲ್ಲಿ ಹುಡುಗರು ಹುಡುಗಿಯರಿಗಿಂತ ಸ್ವಲ್ಪ ಜಾಸ್ತಿಯೇ ಇದ್ದರು. 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣು ಅಂತ ಭೇದ ಮಾಡದೆ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಇಷ್ಟಾದರೂ ಹುಡುಗರು ಬಾಯಿ ಬಿಡುವುದಿಲ್ಲ. ಬಿಟ್ಟರೆ ‘ನೀನೇನು ಗಂಡಸಾ’ ಅನ್ನುತ್ತಾರೆ ಅನ್ನುವ ಹೆದರಿಕೆ.

ನಿಮಗೆ ನಾನು ಹೇಳುವ ಪುಸ್ತಕ ಕೀಸೆ ಲೇಮನ್ ಬರೆದ ‘ಹೆವಿ’. 2018ರದ್ದು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್‌ನಲ್ಲಿ ಬೆಳೆದ ಕಪ್ಪು ಹುಡುಗ. ತಾಯಿ ಕಾಲೇಜಿನಲ್ಲಿ ಪಾಠ ಮಾಡುವವರು, ಮಗನನ್ನು ಪ್ರಾಣದ ಹಾಗೆ ಪ್ರೀತಿಸುವವರು, ಅದೇ ಕೈಯಲ್ಲಿ ಹೊಡೆಯುವವರು. ಇಡೀ ಪುಸ್ತಕ ಆ ತಾಯಿಯನ್ನು ‘ನೀನು’ ಅಂತ ಕರೆದು ಹೇಳಿದ್ದು. ಚಿಕ್ಕಂದಿನಲ್ಲಿ ತನ್ನನ್ನು ನೋಡಿಕೊಳ್ಳಲು ಬಂದವಳಿಂದ ಆದ ದೌರ್ಜನ್ಯವೂ ಅದರಲ್ಲಿದೆ. ಮೊದಲು ತಿಂದು ತಿಂದು ಮೈ ಬೆಳೆಸುತ್ತಾರೆ, ಆಮೇಲೆ ಊಟ ಬಿಟ್ಟು, ಓಡಿ ಓಡಿ, ಮೈ ಕೈಕೊಡುವವರೆಗೂ ಓಡಿ, ಸಣ್ಣ ಆಗುತ್ತಾರೆ. ನಿಮಗೆ ಬೇಕಾದದ್ದು ಈ ಎರಡನೆಯ ಭಾಗ. ಅವರು ಸಣ್ಣ ಆದಾಗ ಸುತ್ತ ಇದ್ದವರು ಮೆಚ್ಚುತ್ತಾರೆ, ಒಳಗೆ ಏನಾಗುತ್ತಿದೆ ಅಂತ ಯಾರೂ ಕೇಳಲ್ಲ. ಜಿಮ್ ಹುಡುಗನನ್ನೂ ಊರೆಲ್ಲ ಮೆಚ್ಚುತ್ತದೆ ಅಲ್ವಾ? ಅದಕ್ಕೇ ನಿಮ್ಮ ಕಷ್ಟ ಯಾರಿಗೂ ಕಾಣುತ್ತಿಲ್ಲ. ವ್ಯಾಯಾಮ ಬಿಡಿ ಅಂತ ಹೇಳುತ್ತಿಲ್ಲ. ಒಂದು ದಿನ ತಪ್ಪಿದರೆ ನಡುಕ ಬರುತ್ತದೆ ಅಂದರೆ ಅಲ್ಲಿ ಬೇರೆ ಏನೋ ಇದೆ, ಅದನ್ನು ಒಬ್ಬ ಆಪ್ತಸಮಾಲೋಚಕರ ಎದುರು ಕೂತು ನೋಡಬೇಕು. ಕಾನೂನಿನ ದಾರಿ ಬೇಕು ಅನಿಸಿದರೆ ವಕೀಲರನ್ನು ಕೇಳಿ. ಆಗ ನಿಮಗೆ 18 ತುಂಬಿರಲಿಲ್ಲ ಅಂದರೆ, ದೊಡ್ಡವರಾದ ಮೇಲೂ ದೂರು ಕೊಡಬಹುದು ಅಂತ ಕೇಂದ್ರ ಸರ್ಕಾರವೇ 2018ರಲ್ಲಿ ಸ್ಪಷ್ಟ ಮಾಡಿದೆ. ಕೊಡುವುದು ಬಿಡುವುದು ನಿಮ್ಮ ಇಷ್ಟ.

ಪ್ರಶ್ನೆ: ನಾನು ಡಿಗ್ರಿ ಸ್ಟೂಡೆಂಟ್. ಊಟ ತುಂಬಾ ಕಮ್ಮಿ ಮಾಡಿದ್ದೇನೆ. ಅನೊರೆಕ್ಸಿಯಾ, ಅಂದರೆ ದಪ್ಪ ಆಗುವ ಭಯಕ್ಕೆ ಊಟ ಬಿಡುವ ಕಾಯಿಲೆ, ಅದರ ಬಗ್ಗೆ ಬರೆದ ಆತ್ಮಕಥೆಗಳನ್ನು ಹುಡುಕಿ ಹುಡುಕಿ ಓದುತ್ತೇನೆ. ಸಮಾಧಾನ ಆಗುತ್ತೆ. ಅವರು ಎಷ್ಟು ಕೆಜಿ ಇದ್ದರು, ದಿನಕ್ಕೆ ಏನು ತಿನ್ನುತ್ತಿದ್ದರು ಅಂತ ಬರೆದಿಟ್ಟುಕೊಳ್ಳುತ್ತೇನೆ. ಇನ್ನೂ ಅಂಥ ಪುಸ್ತಕ ಇದ್ದರೆ ಹೇಳಿ.

ಉತ್ತರ: ಹೇಳಲ್ಲ ಪುಟ್ಟಿ. ಸಿಟ್ಟು ಮಾಡಿಕೊಳ್ಳಬೇಡ. ಯಾವ ಪುಸ್ತಕ ಓದಿ ಮುಗಿಸಿದ ಮೇಲೆ ಕೈಯಲ್ಲಿ ಅಂಕಿಗಳ ಪಟ್ಟಿ ಉಳಿಯುತ್ತದೋ ಅದು ನಿನಗೆ ಸದ್ಯ ಔಷಧಿ ಅಲ್ಲ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡಿನ ಸಂಶೋಧಕಿಯೊಬ್ಬರು ಊಟದ ಕಾಯಿಲೆ ಇರುವವರಿಗಾಗಿ ಕೆಲಸ ಮಾಡುವ ‘ಬೀಟ್’ ಎಂಬ ಸಂಸ್ಥೆಯ ಜೊತೆ ಸೇರಿ ಓದುಗರನ್ನು ಕೇಳಿ ನೋಡಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅದೇ ಕಾಯಿಲೆಯ ಬಗ್ಗೆ ಇರುವ ಪುಸ್ತಕ ಓದಿದಾಗ ತಮಗೆ ಕೆಟ್ಟದ್ದೇ ಆಯಿತು ಅಂತ ಕಾಯಿಲೆ ಇದ್ದ ಬಹಳ ಜನ ಹೇಳಿದರು. ಅದರ ಬದಲು ತಮಗೆ ಇಷ್ಟವಾದ ಬೇರೆ ಕಥೆ ಕಾದಂಬರಿ ಓದಿದಾಗ ಒಳ್ಳೆಯದಾಯಿತು ಅಂದರು. ನೋಡಿದೆಯಾ, ಒಬ್ಬರಿಗೆ ಉಸಿರು ಕೊಡುವ ಪುಸ್ತಕ ಇನ್ನೊಬ್ಬರಿಗೆ ಪೈಪೋಟಿಗೆ ಕರೆಯಬಹುದು. ಈ ಅಂಕಣದಲ್ಲಿ ನಾನು ಯಾರ ತೂಕವನ್ನೂ ಅಂಕಿಯಲ್ಲಿ ಬರೆಯದೆ ಇರುವುದು ಅದಕ್ಕೇ. ಗೇ ಅವರ ಪುಸ್ತಕದಲ್ಲಿ ಅಂಕಿ ಇದೆ, ನೀನು ಅದನ್ನೂ ಈಗ ಓದಬೇಡ.

ಆ ಪಟ್ಟಿ ಹರಿದು ಹಾಕು. ಈ ವಾರದಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋಗು. ಅಮ್ಮನ ಜೊತೆ ಆಗದಿದ್ದರೆ ಗೆಳತಿ ಜೊತೆ ಹೋಗು. ರಕ್ತ ಪರೀಕ್ಷೆ, ಬಿಪಿ, ಇಸಿಜಿ ಮಾಡಿಸಬೇಕು. ಊಟ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಬಹುದು. ಹೃದಯದ ಬಡಿತವೇ ಏರುಪೇರಾಗಬಹುದು. ಮುಟ್ಟು ನಿಂತಿದ್ದರೆ, ನಿಂತಲ್ಲೇ ತಲೆ ಸುತ್ತುತ್ತಿದ್ದರೆ ನಾಳೆಯೇ ಹೋಗು. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಇದೆ. ದೂರದಲ್ಲಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರು ಇರುತ್ತಾರೆ. ಹೋಗಿ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರಿ, ಆಗ ಪುಸ್ತಕದ ಮಾತಾಡೋಣ.

ಪ್ರಶ್ನೆ: ನನ್ನದು ಬೇರೆ ಥರ. ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡು ಮುಖದ ಒಂದು ಭಾಗ ಸುಟ್ಟಿತು. ಮೂರು ಆಪರೇಷನ್ ಆಗಿದೆ. ಬಸ್ಸಿನಲ್ಲಿ ಮಕ್ಕಳು ನೋಡಿ ಅಮ್ಮನ ಹಿಂದೆ ಅಡಗುತ್ತವೆ. ಕನ್ನಡಿಗೆ ಬಟ್ಟೆ ಹಾಕಿಟ್ಟಿದ್ದೇನೆ. ಇಂಥವರಿಗೂ ಪುಸ್ತಕ ಇದೆಯಾ?

ಉತ್ತರ: ಇದೆ. ಲೂಸಿ ಗ್ರೇಲಿ ಎಂಬ ಕವಯಿತ್ರಿ 1994ರಲ್ಲಿ ಬರೆದ ‘ಆಟೊಬಯಾಗ್ರಫಿ ಆಫ್ ಎ ಫೇಸ್’. ಐರ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದವರು. ಒಂಬತ್ತನೇ ವಯಸ್ಸಿನಲ್ಲಿ ದವಡೆಯಲ್ಲಿ ಈವಿಂಗ್ಸ್ ಸಾರ್ಕೋಮ ಎಂಬ ಕ್ಯಾನ್ಸರ್. ದವಡೆಯ ದೊಡ್ಡ ಭಾಗ ತೆಗೆದರು. ಎರಡು ವರ್ಷಕ್ಕೂ ಜಾಸ್ತಿ ಕಾಲ ಕಿಮೊಥೆರಪಿ, ರೇಡಿಯೇಶನ್. ಆಮೇಲೆ ಮುಖ ಸರಿಮಾಡಲು ವರ್ಷಗಟ್ಟಲೆ, ಸುಮಾರು ಮೂವತ್ತು ಆಪರೇಷನ್. ಶಾಲೆಯಲ್ಲಿ ಹುಡುಗರ ಕಾಟ ತಡೆಯಲಾರದೆ ಮಧ್ಯಾಹ್ನದ ಊಟವನ್ನು ಸಮಾಲೋಚಕರ ಕೋಣೆಯಲ್ಲಿ ಒಬ್ಬಳೇ ಕೂತು ತಿನ್ನುತ್ತಿದ್ದಳು. ಮಕ್ಕಳು ಮುಖವಾಡ ಹಾಕಿ ಮನೆಮನೆಗೆ ಹೋಗುವ ಹ್ಯಾಲೋವೀನ್ ಹಬ್ಬ ಅಂದರೆ ಅವಳಿಗೆ ಪ್ರಾಣ, ಯಾಕೆಂದರೆ ಅವತ್ತೊಂದು ದಿನ ಎಲ್ಲರ ಹಾಗೆ ಅವಳೂ ಬೀದಿಯಲ್ಲಿ ತಲೆಯೆತ್ತಿ ಓಡಾಡಬಹುದಿತ್ತು. ದೊಡ್ಡವಳಾದ ಮೇಲೆ ವರ್ಷದ ಹತ್ತಿರ ಕನ್ನಡಿ ನೋಡದೆ ಬದುಕುತ್ತಾಳೆ. ನಿಮ್ಮ ಬಟ್ಟೆ ಹಾಕಿದ ಕನ್ನಡಿಗೆ ಹೊಂದುವ ಪುಸ್ತಕ ಇದು. ಕರುಣೆ ಬೇಡುವ ದನಿ ಎಲ್ಲೂ ಇಲ್ಲ. ಮುಂದಿನ ಆಪರೇಷನ್ ಆದ ಮೇಲೆ ನನ್ನ ನಿಜವಾದ ಬದುಕು ಶುರು ಅಂತ ಕಾಯುತ್ತಾ ಕೂತದ್ದು ಹೇಗೆ ತನ್ನನ್ನು ತಿಂದಿತು ಅನ್ನುವುದನ್ನು ಬಿಡಿಸಿ ಹೇಳುತ್ತಾರೆ. ನನ್ನ ಮಟ್ಟಿಗೆ ಆ ಪುಸ್ತಕದ ತಿರುಳು ಅದೇ.

ಒಂದು ವಿಷಯ ಮುಚ್ಚಿಡಲಾರೆ. ಗ್ರೇಲಿ 2002ರಲ್ಲಿ, 39ನೇ ವಯಸ್ಸಿನಲ್ಲಿ, ಮಾದಕ ವಸ್ತುವಿನಿಂದ ತೀರಿಕೊಂಡರು. ಅಷ್ಟು ಒಳ್ಳೆಯ ಪುಸ್ತಕ ಬರೆದವರನ್ನೂ ಬರವಣಿಗೆಯೊಂದೇ ಉಳಿಸಲಿಲ್ಲ. ಪುಸ್ತಕದಲ್ಲಿ ಸಂಗಾತಿ ಸಿಗುತ್ತಾರೆ, ಆದರೆ ಜೊತೆಗೆ ನಡೆಯುವ ಜನ ನಿಮ್ಮ ಸುತ್ತಲೇ ಬೇಕು. ಆಪರೇಷನ್ ಆದ ಆಸ್ಪತ್ರೆಯಲ್ಲೇ ವಿಚಾರಿಸಿ, ಸುಟ್ಟ ಗಾಯದಿಂದ ಚೇತರಿಸಿಕೊಂಡ ಇನ್ನೊಬ್ಬರನ್ನು ಭೇಟಿ ಮಾಡಿಸುತ್ತಾರಾ ಅಂತ. ಕನ್ನಡಿ ವಿಷಯಕ್ಕೆ ಅವಸರ ಮಾಡಬೇಡಿ.

ಪ್ರಶ್ನೆ: ನೀವು ಹೇಳುವುದೆಲ್ಲ ಇಂಗ್ಲಿಷ್ ಪುಸ್ತಕ. ನನಗೆ ಕನ್ನಡ ಮಾತ್ರ ಬರುತ್ತೆ. ನಮ್ಮಲ್ಲಿ ಯಾರೂ ಮೈ ಬಗ್ಗೆ ಬರೆದಿಲ್ವಾ?

ಉತ್ತರ: ನಿಮ್ಮ ದೂರು ಸರಿ. ನಮ್ಮಲ್ಲಿ ಆತ್ಮಕಥೆ ಬೇಕಾದಷ್ಟಿವೆ, ಮೈಯ ಬಗ್ಗೆ ಇಷ್ಟು ಬಿಚ್ಚಿ ಬರೆದವು ಕಮ್ಮಿ. ಆದರೆ ಇಲ್ಲದೇ ಇಲ್ಲ, ಮತ್ತು ಇದ್ದದ್ದರಲ್ಲಿ ಗಟ್ಟಿಯಾದವು ಲಿಂಗತ್ವ ಅಲ್ಪಸಂಖ್ಯಾತರಿಂದಲೇ ಬಂದಿವೆ. ಎ. ರೇವತಿ ಅವರ ‘ಬದುಕು ಬಯಲು’ ಓದಿ, ಕನ್ನಡಕ್ಕೆ ತಂದವರು ದು. ಸರಸ್ವತಿ. ತಮಿಳುನಾಡಿನ ಹಳ್ಳಿಯಲ್ಲಿ ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕಲು ಹೊರಟವರು. ಮನೆಯ ಏಟು, ರೌಡಿಗಳ ಕಾಟ, ಪೊಲೀಸರ ಹಿಂಸೆ, ಬೆಂಗಳೂರಿನ ದಿನಗಳು, ಎಲ್ಲ ಇದೆ. ಇದು ನಾಟಕವಾಗಿಯೂ ಕರ್ನಾಟಕದಲ್ಲಿ ಊರೂರು ಸುತ್ತಿದೆ. ಇನ್ನೊಂದು, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿ ಬರಹಕ್ಕಿಳಿಸಿದ್ದಾರೆ. ಬಳ್ಳಾರಿ ಸೀಮೆಯ ಹುಡುಗ ಮಂಜುನಾಥ ಮನೆಯಿಂದ ಹೊರಬಿದ್ದು ಜೋಗತಿಯಾಗಿ, ಕಲಾವಿದೆಯಾಗಿ, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಕಥೆ. ನಾನು ಬೇರೆ, ಇದು ನನಗೆ ಹೊಂದಲ್ಲ ಅಂತ ಬದಿಗಿಡಬೇಡಿ. ಊರಿಗೆ ಊರೇ ತಪ್ಪು ಅಂದ ಮೈಯನ್ನು ತನ್ನದು ಅಂತ ಒಪ್ಪಿಕೊಂಡವರಿಂದ ನಮಗೆಲ್ಲ ಕಲಿಯುವುದಿದೆ. ಎರಡರಲ್ಲೂ ಹಿಂಸೆಯ ಭಾಗಗಳಿವೆ, ಮೊದಲ ಉತ್ತರದಲ್ಲಿ ಹೇಳಿದ ಹಾಗೆ ನಿಧಾನಕ್ಕೆ ಓದಿ.

ಪ್ರಶ್ನೆ: ಹೈಸ್ಕೂಲ್ ಟೀಚರ್ ನಾನು. ಎಂಟು ಒಂಬತ್ತನೇ ತರಗತಿ ಮಕ್ಕಳಿಗೆ ಇಂಥ ಆತ್ಮಕಥೆಯ ಭಾಗ ಓದಿ ಹೇಳಬಹುದಾ?

ಉತ್ತರ: ದೌರ್ಜನ್ಯದ ಭಾಗ ತರಗತಿಯಲ್ಲಿ ಬೇಡ. ಆ ಬೆಂಚುಗಳಲ್ಲಿ ಕೂತ ಯಾವ ಮಗುವಿಗೆ ಏನಾಗಿದೆಯೋ ನಿಮಗೆ ಗೊತ್ತಿರಲ್ಲ, ಎದ್ದು ಹೋಗುವ ಸ್ವಾತಂತ್ರ್ಯವೂ ಅದಕ್ಕಿರಲ್ಲ. ಬಣ್ಣ, ಎತ್ತರ, ದಪ್ಪ, ಹಲ್ಲು ಅಂತ ಮಕ್ಕಳು ಒಬ್ಬರನ್ನೊಬ್ಬರು ಆಡಿಕೊಳ್ಳುವುದರ ಬಗ್ಗೆ ಮಾತಾಡಿ, ಅದು ಸಾಕಷ್ಟು ದೊಡ್ಡ ವಿಷಯ. ಆ ಮಾತು ಆದ ಮೇಲೆ ಯಾವುದಾದರೂ ಮಗು ಬಂದು ಏನಾದರೂ ಹೇಳಿಕೊಂಡರೆ ನಂಬಿ. ಗುಟ್ಟಾಗಿ ಇಡುತ್ತೇನೆ ಅಂತ ಮಾತ್ರ ಮಾತು ಕೊ‌ಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿ, ಆ ನಂಬರನ್ನು ತರಗತಿಯ ಗೋಡೆ ಮೇಲೆ ಬರೆಸಿ.

ಪ್ರಶ್ನೆ: ಓದುತ್ತಾ ಓದುತ್ತಾ ನನಗೂ ಬರೆಯಬೇಕು ಅನಿಸುತ್ತಿದೆ. ಆದರೆ ಯಾರಾದರೂ ನೋಡಿದರೆ? ಮನೆ ಮರ್ಯಾದೆ ಅಂತಾರೆ.

ಉತ್ತರ: ಬರೆಯಿರಿ. ಬರೆಯುವುದು ಬೇರೆ, ಪ್ರಕಟ ಮಾಡುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಕಹಿ ಅನುಭವದ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಭಾರ ಆಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಆದದ್ದರ ಜೊತೆ ಮನಸ್ಸಿನ ಭಾವನೆಯನ್ನೂ ಬರೆದವರು ಉಳಿದವರಿಗಿಂತ ಕಮ್ಮಿ ಸಲ ಡಾಕ್ಟರ ಹತ್ತಿರ ಹೋದರು. ಅದಾದ ಮೇಲೆ ಇಂಥ ನೂರಾರು ಪ್ರಯೋಗ ನಡೆದಿವೆ. ಎಲ್ಲರಿಗೂ ಒಂದೇ ಥರ ಗುಣ ಸಿಕ್ಕಿಲ್ಲ, ಕೆಲವರಿಗೆ ಏನೂ ಆಗಿಲ್ಲ. ನಿಮಗೆ ಬರೆದಷ್ಟೂ ಕುಸಿತ ಜಾಸ್ತಿ ಆಗುತ್ತಿದ್ದರೆ ನಿಲ್ಲಿಸಿ, ಆಪ್ತಸಮಾಲೋಚಕರ ಜೊತೆ ಕೂತು ಬರೆಯಿರಿ.

ಘಟನೆಯಿಂದಲೇ ಶುರು ಮಾಡಬೇಕಾಗಿಲ್ಲ. ನಿಮ್ಮ ಕೈ ಬಗ್ಗೆ ಬರೆಯಿರಿ. ಆ ಕೈ ಇಷ್ಟು ವರ್ಷ ಏನೇನು ಮಾಡಿದೆ, ಯಾರಿಗೆ ಜಡೆ ಹಾಕಿದೆ, ಎಷ್ಟು ರೊಟ್ಟಿ ಬಡಿದಿದೆ ಅಂತ. ಮೈಯಲ್ಲಿ ನಿಮಗೆ ಸಿಟ್ಟಿಲ್ಲದ ಒಂದು ಭಾಗದಿಂದ ಶುರು ಮಾಡಿ. ಮೊಬೈಲಿನಲ್ಲಿ ಬೇಡ, ಯಾರು ಬೇಕಾದರೂ ತೆರೆಯುತ್ತಾರೆ. ನೋಟ್‌ಬುಕ್ಕಿನಲ್ಲಿ ಬರೆದು, ನಂಬಿಕೆಯ ಗೆಳತಿಯ ಮನೆಯಲ್ಲಿಡಿ, ಅಥವಾ ಬರೆದು ಹರಿದು ಹಾಕಿ, ಬರೆದದ್ದರ ಗುಣ ಹೋಗಲ್ಲ. ಮುಂದೊಂದು ದಿನ ಅಚ್ಚು ಮಾಡಿಸಬೇಕು ಅನಿಸಿದರೆ ಗೊತ್ತಿರಲಿ. ಅತ್ಯಾಚಾರಕ್ಕೆ ಸಿಕ್ಕವರ ಗುರುತನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ನಿಮ್ಮ ಹೆಸರು ಹಾಕುವುದೋ ಬೇಡವೋ ಅನ್ನುವುದನ್ನು ನೀವೇ ತೀರ್ಮಾನ ಮಾಡಬಹುದು. ಇನ್ನೊಬ್ಬರ ಹೆಸರು ಹಾಕುವ ಮುಂಚೆ ಮಾತ್ರ ವಕೀಲರಿಗೆ ಒಂದು ಸಲ ತೋರಿಸಿ.